ಗೋಮಾಳ ಯಾರದು?

ಇನ್ನೊಬ್ಬರ ಸೊತ್ತನ್ನು ತೆಗೆದುಕೊಳ್ಳುವುದು ಕಳವೆಂದು ಎಲ್ಲರೂ ಒಪ್ಪುತ್ತೇವೆ. ಎಲ್ಲರ ಸೊತ್ತನ್ನು ಒಬ್ಬನು ತೆಗೆದುಕೊಂಡರೆ? ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಹೋಗುವ ದಾರಿಗಳಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇದು.

ಮೈಸೂರು ಸೀಮೆಯಲ್ಲಿ ಹುಲ್ಲಿಗೂ ಒಂದು ಮರ್ಯಾದೆಯಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ಅರಸರ ದನಕ್ಕೆ ಕಾವಲು, ಊರ ದನಕ್ಕೆ ಗೋಮಾಳ. 1966ರ ಭೂಕಂದಾಯ ನಿಯಮಗಳೂ ನೂರು ದನಕ್ಕೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ, ಮೇವಿಗೆ ಬಿಡಬೇಕೆಂದವು.

ಲೆಕ್ಕವೇನೋ ನ್ಯಾಯವಾದುದೇ. ಆದರೆ ಹುಲ್ಲು ಕಡಮೆಯಾದರೆ ಬಡವನು ತನ್ನ ಹಸುವನ್ನು ಮಾರುತ್ತಾನೆ. ದನ ಕಡಮೆಯಾದರೆ, ಇಷ್ಟು ಗೋಮಾಳವೇಕೆಂದು ಅದೇ ಲೆಕ್ಕ ಕೇಳುತ್ತದೆ. ಹಸುವನ್ನು ಮಾರಿಕೊಂಡವನು ಮಾತ್ರ ಯಾವ ಎಣಿಕೆಗೂ ಸಿಕ್ಕುವುದಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ನಾಲೆಯ ನೀರು ಹರಿದಲ್ಲೆಲ್ಲ ಮಣ್ಣಿಗೆ ಬೆಲೆ ಬಂತು. ಬರಿಯ ಹುಲ್ಲು ಬೆಳೆಯುವ ನೆಲ ಬೀಳು ನೆಲವೆಂಬಂತೆ ಕಾಣತೊಡಗಿತು. ಹುಕುಮಿಲ್ಲದೆ ಉತ್ತವರ ಸಾಗುವಳಿಯನ್ನು ಸಕ್ರಮಗೊಳಿಸಲು 1991ರಲ್ಲಿ ಕಾಯಿದೆಯೇ ತಿದ್ದುಪಡಿಯಾಯಿತು.

ಭೂಮಿಯಿಲ್ಲದವನ ಹಸಿವು ದನದ ಹಸಿವಿಗಿಂತ ದೊಡ್ಡದಲ್ಲವೆ ಎಂದು ವಾಚಕರು ಕೇಳಬಹುದು. ದೊಡ್ಡದೇ. ಒಂದೆರಡು ಎಕರೆಗೆ ಕೈಯೊಡ್ಡಿ ನಿಂತವನಿಗೆ ಇಲ್ಲವೆನ್ನುವ ಧೈರ್ಯ ನನಗಿಲ್ಲ. ಆದರೆ ಗೋಮಾಳ ಮೊದಲಿನಿಂದಲೂ ಭೂಮಿಯಿಲ್ಲದವನದೇ ಅಲ್ಲವೆ? ಗದ್ದೆಯುಳ್ಳವನಿಗೆ ಮನೆಯಲ್ಲೇ ಹುಲ್ಲಿನ ಬಣವೆಯಿದೆ. ನಾಲ್ಕು ಕುರಿಯವನಿಗೆ ಊರ ಹೊರಗಣ ಬಯಲೇ ಗತಿ. ಅದನ್ನು ಹಂಚುವುದೆಂದರೆ ಒಬ್ಬ ಬಡವನ ತಟ್ಟೆಯಿಂದ ತೆಗೆದು ಇನ್ನೊಬ್ಬ ಬಡವನಿಗೆ ಬಡಿಸಿದಂತೆ. ಉಳ್ಳವನ ತಟ್ಟೆ ಹಾಗೆಯೇ ತುಂಬಿರುತ್ತದೆ. ದಾನದ ಹೆಸರು ಸರ್ಕಾರಕ್ಕೆ ಸಲ್ಲುತ್ತದೆ. ಇದರ ನಡುವೆ, ವರ್ಷಕ್ಕೊಂದು ಸಾಲಿನಂತೆ ಬೇಲಿಯನ್ನು ಮುಂದೆ ಸರಿಸುವ ಜಮೀನುದಾರನೂ ಉಂಟು. ಹೀಗೆ ಸಾಲುಸಾಲಾಗಿ ಹೋದುದಕ್ಕೆ ಅಳುವವರಿಲ್ಲ.

ಊರೊಟ್ಟಿನ ನೆಲದ ಒತ್ತುವರಿಯನ್ನು ಸಕ್ರಮ ಮಾಡಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಭೂಹೀನರಿಗೆ ಕೊಟ್ಟದ್ದು, ಶಾಲೆ ಆಸ್ಪತ್ರೆಗಳಿರುವುದು, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ತೀರ್ಪು ಸರಿಯೇ. ಆದರೆ ಕೋರ್ಟು ಬೇಲಿಯನ್ನು ಕೀಳಿಸಬಲ್ಲುದು, ಮನಸ್ಸಿನ ಬೇಲಿಯನ್ನು ಕೀಳಿಸಲಾರದು. ಯಾರ ಹೆಸರಿನಲ್ಲೂ ಪಹಣಿಯಿಲ್ಲದ ನೆಲ ಯಾರದೂ ಅಲ್ಲವೆಂದು ನಾವು ನಂಬಿದ್ದೇವೆ. ಪಟ್ಟಣದ ಅಂಚಿನಲ್ಲಿ ಹೊಸ ಬಡಾವಣೆಯ ನಿವೇಶನ ಕೊಳ್ಳುವಾಗ, ಇಲ್ಲಿ ಹಿಂದೆ ಏನು ಮೇಯುತ್ತಿತ್ತೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ?