ಸಾಲಿನಲ್ಲಿ ನಿಲ್ಲದವರು

ನಮ್ಮೂರಿನ ಆಸ್ಪತ್ರೆಯ ಬೋರ್ಡಿನ ಮೇಲೆ ‘ಸಮುದಾಯ ಆರೋಗ್ಯ ಕೇಂದ್ರ’ ಎಂದು ಬರೆದಿದೆ. ಊರಿನ ಯಾರೂ ಅದನ್ನು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅದು ‘ಗೌರ್ಮೆಂಟ್ ಆಸ್ಪತ್ರೆ’. ಮಲೆನಾಡಿನ ಈ ಸಣ್ಣ ಪೇಟೆಗೆ ಸುತ್ತಲಿನ ಹಳ್ಳಿಯವರು ಬರುವುದು ಅಡಿಕೆ ಮಂಡಿಗೆ, ಬ್ಯಾಂಕಿಗೆ ಮತ್ತು ಈ ಆಸ್ಪತ್ರೆಗೆ. ಬಯಲುಸೀಮೆಯಲ್ಲಿ 1,20,000 ಜನರಿಗೆ, ಗುಡ್ಡಗಾಡಿನಲ್ಲಿ 80,000 ಜನರಿಗೆ ಇಂಥದೊಂದು ಕೇಂದ್ರ ಇರಬೇಕು, ಅಲ್ಲಿ 30 ಹಾಸಿಗೆಗಳೂ ತಜ್ಞ ವೈದ್ಯರೂ ಇರಬೇಕು ಎನ್ನುವುದು ಸರ್ಕಾರದ್ದೇ ಮಾನದಂಡ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ, ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನ ಮಗಳನ್ನು ಹೆರಿಗೆಗೆ ಅಲ್ಲಿ ಸೇರಿಸಿದ್ದರು. ನಡುರಾತ್ರಿ ಸಿಸೇರಿಯನ್ ಮಾಡಲೇಬೇಕು ಎಂದಾಯಿತು. ಹೆರಿಗೆ ಡಾಕ್ಟರು ಇದ್ದರು, ಆಪರೇಷನ್ ಕೋಣೆಯೂ ಇತ್ತು. ಅರಿವಳಿಕೆ ಕೊಡುವ ಡಾಕ್ಟರು ಇರಲಿಲ್ಲ. ಚೀಟಿ ಬರೆದು 108 ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. 70 ಕಿಲೋಮೀಟರ್ ದಾರಿ. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಮೊದಲು ನನಗೆ ಸಿಟ್ಟು ಬಂದದ್ದು ಚೀಟಿ ಬರೆದ ಡಾಕ್ಟರ ಮೇಲೆ. ಆಮೇಲೆ ಯೋಚಿಸಿದರೆ, ಅರಿವಳಿಕೆ ಇಲ್ಲದೆ ಅವರಾದರೂ ಏನು ಮಾಡಬಹುದಿತ್ತು? ಆ ಹೊತ್ತಿಗೆ ಕಳಿಸಿದ್ದೇ ಸರಿ. ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಆ ಹುದ್ದೆ ಎಷ್ಟು ದಿನದಿಂದ ಖಾಲಿಯಿತ್ತು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರಿಗೂ, ಮಂಡಿಯ ಯಜಮಾನರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಾನು ಆ ಆಸ್ಪತ್ರೆಯೊಳಗೆ ಕೊನೆಯ ಬಾರಿ ಕಾಲಿಟ್ಟಿದ್ದು ಹೈಸ್ಕೂಲಿನಲ್ಲಿದ್ದಾಗ, ನಾಯಿ ಕಚ್ಚಿದ ಇಂಜೆಕ್ಷನ್ನಿಗೆ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ನೈಜೀರಿಯಾದ ರೈಲಿನ ಉದಾಹರಣೆ ಕೊಡುತ್ತಾರೆ. ಸರಕು ಸಾಗಿಸಲು ಲಾರಿಗಳು ಬಂದವು. ಆದರೆ ಆ ಪೈಪೋಟಿಯಿಂದ ರೈಲು ಸುಧಾರಿಸಲಿಲ್ಲ. ಏಕೆಂದರೆ ಗಟ್ಟಿಯಾಗಿ ದೂರಬಲ್ಲ ಗಿರಾಕಿಗಳೇ ಮೊದಲು ಲಾರಿಯ ಕಡೆ ಹೊರಟುಹೋದರು. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಆಸ್ಪತ್ರೆ. ಅರ್ಜಿ ಬರೆಯಬಲ್ಲವರು, ಶಾಸಕರನ್ನು ಹೆಸರು ಹಿಡಿದು ಮಾತಾಡಿಸಬಲ್ಲವರು ಎಲ್ಲ ಕಾರು ಹತ್ತಿ ನಗರದ ನರ್ಸಿಂಗ್ ಹೋಮಿಗೆ ಹೋದೆವು. ಚೀಟಿ ಕೊಟ್ಟ ಕಡೆಗೆ ಹೊರಡುವವರು ಮಾತ್ರ ಸಾಲಿನಲ್ಲಿ ಉಳಿದರು.

ಆಸ್ಪತ್ರೆ ನಡೆಸುವುದು ಸರ್ಕಾರದ ಹೊಣೆ, ನನ್ನದೇಕೆ ಎನ್ನಬಹುದು. ನಿಜ. ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂಬ ಕಾರಣಕ್ಕೆ ಸರ್ಕಾರ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಆದರೆ ಕೇಳುವವರಿಲ್ಲದ ಹೊಣೆ ಫೈಲಿನಲ್ಲೇ ಉಳಿಯುತ್ತದೆ.

ಹಾಗಾದರೆ ನಾವೆಲ್ಲ ಅಲ್ಲಿಗೇ ಹೋಗಬೇಕೆ? ತತ್ವಕ್ಕಾಗಿ ಅಮ್ಮನ ಜೀವವನ್ನು ಪಣಕ್ಕಿಡು ಎಂದು ಯಾರೂ ನನಗೆ ಹೇಳಲಾರರು. ಹೇಳಿದರೂ ನಾನು ಕೇಳುವುದಿಲ್ಲ. ಚಿಕಿತ್ಸೆಗೆ ಬೇರೆ ಕಡೆ ಹೋಗುವುದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸುವುದಿಲ್ಲ. ತಪ್ಪಿರುವುದು, ಹೋದ ಮೇಲೆ ಈ ಆಸ್ಪತ್ರೆ ನಮ್ಮದಲ್ಲ ಎಂದುಕೊಂಡದ್ದರಲ್ಲಿ. ನಮ್ಮ ಮನೆಗೆ ನಿತ್ಯ ಬರುವ ಹೆಣ್ಣುಮಗಳಿಗೆ ಇರುವುದು ಅದೊಂದೇ ಆಸ್ಪತ್ರೆ ಎಂದು ಗೊತ್ತಿದ್ದೂ ಅಲ್ಲಿ ಏನಿದೆ, ಏನಿಲ್ಲ ಎಂದು ನಾವು ಒಮ್ಮೆಯೂ ಕೇಳಲಿಲ್ಲ.

ಅಮ್ಮ ಮಾತ್ರ ಈಗೊಂದು ವರ್ಷದಿಂದ ಬಿಪಿ, ಶುಗರಿನ ಮಾತ್ರೆಗೆ ಅಲ್ಲಿಗೇ ಹೋಗುತ್ತಾಳೆ. “ಅದೇ ಮಾತ್ರೆ ಕೊಡ್ತಾರೆ. ಸಿಸ್ಟರ್ರು ನಿಂತು ಮಾತಾಡ್ತಾರೆ. ಅದಕ್ಕೆ ಶಿವಮೊಗ್ಗಕ್ಯಾಕೆ ಹೋಗ್ಬೇಕು ಅಪ್ಪೀ?” ಎನ್ನುತ್ತಾಳೆ. ಕಳೆದ ತಿಂಗಳು ಊರಿಗೆ ಹೋದಾಗ ಅವಳ ಜೊತೆ ಸಾಲಿನಲ್ಲಿ ನಿಂತೆ. ಅರಿವಳಿಕೆ ಡಾಕ್ಟರು ಬಂದರೇ ಎಂದು ವಿಚಾರಿಸಿದೆ. ಪೋಸ್ಟು ಇನ್ನೂ ಖಾಲಿ ಎಂದರು. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ, ಅದರಲ್ಲಿ ಊರಿನವರೂ ಇರುತ್ತಾರೆ ಎಂದು ನನಗೆ ತಿಳಿದದ್ದು ಆವತ್ತೇ. ಸಮಿತಿಗೊಂದು, ಜಿಲ್ಲಾ ಕಚೇರಿಗೊಂದು ಅರ್ಜಿ ಬರೆದೆ. ಅಮ್ಮ ಸಹಿ ಹಾಕಿದಳು. ತೋಟದ ಕೆಲಸದ ಅಕ್ಕನ ಮುಂದೆಯೂ ಹಾಳೆ ಹಿಡಿದೆ. ಅವಳು ತುಸು ಹೊತ್ತು ಹಾಳೆಯನ್ನೇ ನೋಡಿ, ಹೆಬ್ಬೆಟ್ಟು ಒತ್ತಿದಳು. ಏನೂ ಹೇಳಲಿಲ್ಲ.

ಉತ್ತರ ಇನ್ನೂ ಬಂದಿಲ್ಲ. ನಾಳೆ ಅಮ್ಮನಿಗೆ ಎದೆನೋವು ಬಂದರೆ ನಾನು ಕಾರನ್ನು ತಿರುಗಿಸುವುದು ಶಿವಮೊಗ್ಗದ ಕಡೆಗೇ. ಅದು ಗೊತ್ತಿದ್ದೇ ಮುಂದಿನ ತಿಂಗಳು ಮತ್ತೆ ಸಾಲಿನಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತೇನೆ.