ಶಾಲೆಗೆ ಕೊಡುವುದು ದಾನವೇ?
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ 2023ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿಗೆ ಏರಿತು. ಅದರಲ್ಲಿ ಸುಮಾರು ಕಾಲು ಭಾಗವನ್ನು ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಶಿಕ್ಷಣಕ್ಕೆ ಮೀಸಲಿಡಲಾಯಿತು. ಇದನ್ನು ಸರ್ಕಾರದ ಔದಾರ್ಯವೆಂದು ಹೊಗಳುವುದು ನನಗೆ ತಪ್ಪಾಗಿ ಕಾಣುತ್ತದೆ. ಇದೇ ನೆಲದ ಬಸವಕಲ್ಯಾಣದಲ್ಲಿ ಶರಣರು ಕಟ್ಟಿದ ದಾಸೋಹದ ವಿಚಾರ ಹೇಳುವುದೇ ಬೇರೆ: ಸಂಪತ್ತು ಕೈಯಲ್ಲಿಟ್ಟುಕೊಂಡವನದಲ್ಲ, ಸಮಾಜಕ್ಕೆ ಸಲ್ಲಬೇಕಾದದ್ದು. ಹಾಗಾಗಿ ಕೊಡುವವನಿಗೆ ‘ನಾನು ಕೊಟ್ಟೆ’ ಎಂಬ ಅಹಂಕಾರಕ್ಕೆ ಎಡೆಯಿಲ್ಲ. ತೆರಿಗೆಯ ಹಣಕ್ಕಂತೂ ಈ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ಅದು ಮೊದಲೇ ಜನರದು.

ಎಲ್ಲ ಮಕ್ಕಳೂ ಸಮಾನರಾದರೆ ಒಂದು ಭಾಗಕ್ಕೇಕೆ ಹೆಚ್ಚು ಎಂದು ಕೇಳುವವರಿದ್ದಾರೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು, ಅಂದರೆ ಇದೇ ಕಲ್ಯಾಣ ಕರ್ನಾಟಕದವು. ಹಸಿದವನಿಗೂ ಉಂಡವನಿಗೂ ಒಂದೇ ಅಳತೆಯಲ್ಲಿ ಬಡಿಸಿದರೆ ಸಮಾನತೆಯಾಗದು. ಹಣದಿಂದಲೇ ಕಲಿಕೆ ಬರುತ್ತದೆಯೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕೋಣೆ ಕಟ್ಟಿ ಶಿಕ್ಷಕರ ಹುದ್ದೆ ಖಾಲಿ ಬಿಟ್ಟರೆ ಫಲವಿಲ್ಲ, ನಿಜ. ಆದರೆ ಇದು ಖರ್ಚಿನ ರೀತಿಯನ್ನು ಪ್ರಶ್ನಿಸುತ್ತದೆಯೇ ಹೊರತು ಖರ್ಚನ್ನಲ್ಲ. ದಾಸೋಹಕ್ಕೂ ಅದರ ಹಿಂದಿನ ಕಾಯಕ, ಅಂದರೆ ದುಡಿಮೆ, ಶುದ್ಧವಾಗಿರಬೇಕೆಂಬ ನಿಯಮ ಉಂಟು; ಖರ್ಚಿಗೂ ಅದೇ ಸಲ್ಲುತ್ತದೆ. ಆದ್ದರಿಂದ ಪೋಷಕರು ಈ ಹಣಕ್ಕೆ ಕೃತಜ್ಞತೆ ಹೇಳಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತು ಲೆಕ್ಕ ಕೇಳಲಿ.