ತಿಥಿ ತಪ್ಪದ ಅತಿಥಿಗಳು

ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡದೆ ಮನೆಬಾಗಿಲಿಗೆ ಬರುವವನೆಂದು ಪಂಡಿತರು ಆ ಪದವನ್ನು ಬಿಡಿಸಿ ಹೇಳುವರು. ಆದರೆ ಕಾಲವನ್ನು ತಪ್ಪದೆ ಬಂದು, ಬಾಗಿಲನ್ನು ತಟ್ಟದೆ, ಅನ್ನವನ್ನು ಬೇಡದೆ, ಋತು ಮುಗಿದೊಡನೆ ಹೊರಟುಹೋಗುವ ಅತಿಥಿಗಳೂ ಉಂಟು. ಅಂಥವರಿಗೆ ಗೃಹಸ್ಥನು ಸಲ್ಲಿಸಬೇಕಾದ ಧರ್ಮವಾವುದು? ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದ ಹುಲ್ಲುಬಯಲು ಪ್ರತಿವರ್ಷವೂ ಶರತ್ಕಾಲದಲ್ಲಿ ಈ ಪ್ರಶ್ನೆಯನ್ನು ಎತ್ತುವುದು.

ಮಳೆ ಹಿಂದೆಗೆದು ಹುಲ್ಲು ಹೊಂಬಣ್ಣಕ್ಕೆ ತಿರುಗುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸೆಳೆವವೆಂಬ ಜಾತಿಯ ಗಿಡುಗಗಳು ಆ ಬಯಲಿಗೆ ಬಂದಿಳಿಯುತ್ತವೆ. ಭಾರತಕ್ಕೆ ಬರುವ ಸೆಳೆವಗಳಲ್ಲಿ ಹಲವು ಕಜಕಸ್ತಾನದ ಹುಲ್ಲುಗಾಡಿನಲ್ಲಿ ಮರಿಮಾಡಿ, ಸಾವಿರಾರು ಮೈಲಿಗಳನ್ನು ಹಾರಿ ಬಂದಂಥವು. ಗಂಡು ಬೂದು ಬಣ್ಣದ್ದು, ಹೆಣ್ಣು ಕಂದು ಬಣ್ಣದ್ದು. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಹುಲ್ಲಿನ ತುದಿಯನ್ನು ಸವರುವಂತೆ ತೇಲುತ್ತ, ಮಿಡತೆಯನ್ನೋ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಅರಸುವುದು ಅವುಗಳ ರೀತಿ. ಸಂಜೆಯಾದರೆ ಅವು ಮರವನ್ನು ಹುಡುಕುವುದಿಲ್ಲ; ಹುಲ್ಲಿನ ನಡುವೆ ನೆಲದ ಮೇಲೆಯೇ ಹಲವು ಕೂಡಿ ತಂಗುತ್ತವೆ. ಚೈತ್ರ ಕಳೆಯುವ ವೇಳೆಗೆ ಬಯಲು ಮತ್ತೆ ಬರಿದಾಗುವುದು.

ಇವುಗಳನ್ನು ನೋಡಲೆಂದು ಬೆಳಗಿನ ಜಾವದಲ್ಲಿಯೇ ದುರ್ಬೀನು ಹಿಡಿದು ಬರುವ ಜನರಿರುವರು. ನೋಡುವುದು ನಿರಪರಾಧವಾದ ಸಂತೋಷವೆಂದು ತೋರುವುದು ಸಹಜ. ಆದರೆ ಅದೂ ಸ್ವಾರ್ಥವಾಗಬಲ್ಲುದು. ಒಂದು ಚಿತ್ರಕ್ಕಾಗಿ ಹುಲ್ಲಿನ ಮೇಲೆ ಕಾರನ್ನು ಓಡಿಸಿ, ದಣಿದು ಕುಳಿತ ಹಕ್ಕಿಯನ್ನು ಮತ್ತೆ ಮತ್ತೆ ಎಬ್ಬಿಸುವವನು ಅತಿಥಿಯನ್ನು ಕಂಡಂತಾಗಲಿಲ್ಲ. ತನ್ನ ಸಂಗ್ರಹದ ಒಂದು ವಸ್ತುವನ್ನು ಕಂಡಂತಾಯಿತು. ದೂರದಲ್ಲಿ ಸುಮ್ಮನೆ ಕುಳಿತು ಆ ಜೀವಿಗೆ ಬೇಕಾದುದೇನೆಂದು ಅರಿತುಕೊಳ್ಳುವವನೇ ನಿಜವಾದ ನೋಟಕನು.

ಈ ಅರಿವಿಲ್ಲದೆ ಮಾಡಿದ ದಯೆಯೂ ಹಿಂಸೆಯಾಗಿ ಪರಿಣಮಿಸಬಹುದು. ಮರವಿಲ್ಲದ ನೆಲವನ್ನು ಕಂಡೊಡನೆ ಅದು ಪಾಳುಬಿದ್ದಿದೆಯೆಂದು ಮರುಗಿ ಸಸಿಗಳನ್ನು ನೆಡಲು ಹೊರಡುವ ಸಜ್ಜನರು ಅನೇಕರು. 1974ರಲ್ಲಿ ಕೃಷ್ಣಮೃಗಗಳ ಅಭಯಧಾಮವಾದ ರಾಣೆಬೆನ್ನೂರಿನ ಬಯಲಿನಲ್ಲಿಯೂ ನೀಲಗಿರಿಯ ತೋಪುಗಳನ್ನು ಬೆಳೆಸಲಾಯಿತು. ಬಯಲಿನಲ್ಲಿ ಓಡಿ ಬದುಕುವ ಮೃಗಕ್ಕೆ ಅವು ಆಶ್ರಯವಾಗಲಾರವು. ಜ್ವರದಲ್ಲಿರುವ ಅತಿಥಿಗೆ ತನಗೆ ಇಷ್ಟವೆಂದು ಹೋಳಿಗೆಯನ್ನು ಬಡಿಸುವ ಗೃಹಸ್ಥನ ಔದಾರ್ಯ ಇಂಥದೇ. ಕಂದಾಯದ ಲೆಕ್ಕದಲ್ಲಿ ಬೆಳೆ ಕೊಡದ ನೆಲಕ್ಕೆ ‘ಖರಾಬು’ ಎಂದು ಹೆಸರು. ಆ ಹೆಸರು ನೆಲದ ಗುಣವನ್ನು ಹೇಳುವುದಿಲ್ಲ. ಹೆಸರಿಟ್ಟವನ ಪ್ರಯೋಜನವನ್ನು ಮಾತ್ರ ಹೇಳುವುದು.

ಮನುಷ್ಯನ ಹೊಟ್ಟೆಗಿಂತ ಹಕ್ಕಿ ದೊಡ್ಡದೇ ಎಂದು ಇಲ್ಲಿ ಕೇಳುವವರುಂಟು. ಅದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಆದರೆ ಹುಲ್ಲಿಗೂ ಹೊಟ್ಟೆಗೂ ಈ ನಾಡಿನಲ್ಲಿ ಹಳೆಯ ಸ್ನೇಹವಿದೆ. ಚಿಕ್ಕದೇವರಾಜ ಒಡೆಯರ ಕಾಲದ (1673–1704) ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಆ ದನಗಳಿಗೆಂದು ಬಿಟ್ಟ ಕಾವಲುಗಳಲ್ಲಿ ಹಸುವೂ ಹಕ್ಕಿಯೂ ಒಂದೇ ಹುಲ್ಲನ್ನು ಆಶ್ರಯಿಸಿ ಬಾಳಿದವು. ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆಯು ಬೆಂಗಳೂರಿಗೆ ನೀರುಣಿಸಿತು; ಮಳೆಯ ನೀರನ್ನು ಹಿಡಿದು ನೆಲಕ್ಕಿಳಿಸುವುದರಲ್ಲಿ ಹುಲ್ಲಿಗೂ ಪಾಲುಂಟು. ಬಯಲನ್ನು ನುಂಗುವುದು ದನ ಕಾಯುವವನ ಹಸಿವಲ್ಲ, ಕಟ್ಟಡಗಳ ಹಸಿವು.

ಹಾಗೆಂದು ಧರ್ಮವನ್ನು ಕೇವಲ ಲಾಭದ ಮೇಲೆ ನಿಲ್ಲಿಸುವುದು ಉಚಿತವಲ್ಲ. ನೀರೂ ಮೇವೂ ದೊರೆಯದಿದ್ದಲ್ಲಿ ಹಕ್ಕಿಯ ಹಕ್ಕು ಅಳಿದುಹೋಗುವುದೇ? ಬೇಟೆಯಾಡುವ ಸೆಳೆವವು ಮನುಷ್ಯನತ್ತ ತಿರುಗಿಯೂ ನೋಡದು, ಕೃತಜ್ಞತೆಯನ್ನು ತಿಳಿಯದು. ಕಜಕಸ್ತಾನದ ಕುರುಬನೂ ಹೆಸರಘಟ್ಟದ ರೈತನೂ ಒಬ್ಬರನ್ನೊಬ್ಬರು ಅರಿಯರು. ಆದರೂ ಒಂದೇ ಪ್ರಾಣದ ಒಂದೊಂದು ಭಾಗ ಇಬ್ಬರ ವಶದಲ್ಲಿದೆ. ಒಬ್ಬನು ಕಾಪಾಡಿದುದು ಇನ್ನೊಬ್ಬನ ಉಪೇಕ್ಷೆಯಿಂದ ವ್ಯರ್ಥವಾಗುವುದು. ಬರೆದ ಕರಾರಿಲ್ಲದ ಈ ನಂಬಿಕೆಯನ್ನು ಉಳಿಸಿಕೊಳ್ಳುವುದರಲ್ಲಿಯೇ ಮನುಷ್ಯನ ದೊಡ್ಡತನವಿದೆ.

ಹೆಸರಘಟ್ಟದ ಬಯಲನ್ನು ಮೀಸಲಾಗಿಡುವ ಪ್ರಸ್ತಾಪವನ್ನು ರಾಜ್ಯದ ವನ್ಯಜೀವಿ ಮಂಡಳಿಯು 2021ರಲ್ಲಿ ತಿರಸ್ಕರಿಸಿ, 2024ರಲ್ಲಿ ಅಂಗೀಕರಿಸಿತು. ಮಂಡಳಿಯ ನಿರ್ಣಯದಿಂದ ಗಡಿಗಳು ಗೊತ್ತಾಗಬಹುದು; ಗಡಿಯೊಳಗಿನ ಹುಲ್ಲನ್ನು ಹುಲ್ಲಾಗಿಯೇ ಬಿಡುವ ಸಂಯಮವು ಸುತ್ತಲಿನ ಜನರಿಂದ ಬರಬೇಕು. ಉಳಿದ ಅತಿಥಿಗಳಿಗೆ ಕೈನೀಡಿ ಕೊಡುವುದು ಸತ್ಕಾರ. ಈ ಅತಿಥಿಗಳಿಗೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಸತ್ಕಾರ.